ಶಲ್ಯದ ಕೆಳಗಿನ ಕೈ

ಹಾಡಹಗಲಲ್ಲಿ ಇಬ್ಬರು ಗಂಡಸರು ಒಂದು ಶಲ್ಯದ ಕೆಳಗೆ ಕೈಯಲ್ಲಿ ಕೈಯಿಟ್ಟು ಕೂತಿದ್ದರು ಎಂದು ಮಂಗಲಾ ಹೇಳಿದ್ದೇ ತಡ, ಅಲಕಾ ಉಪಾಧ್ಯೆ ತುಟಿಗೆ ಒಯ್ದಿದ್ದ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟಳು.

“ಎಲ್ಲಿ ಕುಂತಿದ್ರು?”

“ಇಲ್ಲೇ ಅಕ್ಕಾ, ನೀವು ಕುಂತ ಬಾಕಿನ ಮ್ಯಾಲೇ. ಮೊನ್ನಿ ಮಧ್ಯಾಹ್ನ.”

ಮಂಗಲಾಳ ಚಹಾದಂಗಡಿ ಇರುವುದು ಸಾಂಗಲಿ ಮಾರ್ಕೆಟ್ ಯಾರ್ಡಿನ ಗೇಟಿನ ಪಕ್ಕಕ್ಕೆ. ಅರಿಶಿಣದ ಚೀಲ ಹೊರುವ ಹಮಾಲರಿಂದ ಹಿಡಿದು ಎ.ಸಿ. ಕಾರಿನ ವ್ಯಾಪಾರಿಗಳವರೆಗೆ ಎಲ್ಲರೂ ಅಲ್ಲಿ ಒಂದು ಗುಟುಕು ಕುಡಿದೇ ಮುಂದೆ ಹೋಗುವವರು. ಮಂಗಲಾಳ ಒಂದು ಕಣ್ಣು ಹಾಲಿನ ಮೇಲಿದ್ದರೆ ಇನ್ನೊಂದು ಗಿರಾಕಿಗಳ ಮೇಲೆ. ಹಾಲು ಆಗೀಗ ಉಕ್ಕಿದ್ದುಂಟು. ಗಿರಾಕಿಗಳ ಸುದ್ದಿ ಮಾತ್ರ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ.

ಇಬ್ಬರಲ್ಲಿ ಒಬ್ಬ ಹುಡುಗ. ಬೈಕಿನವರು ಕಟ್ಟಿಕೊಳ್ಳುವಂತೆ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಕರ್ಚೀಫು ಸುತ್ತಿಕೊಂಡಿದ್ದನಂತೆ. ಆದರೂ ಅವನು ಅರಿಶಿಣದ ದಲ್ಲಾಳಿ ಪಾಯಪ್ಪನವರ ಮೊಮ್ಮಗ ಶ್ರೇಯಸನೇ ಎಂದು ಮಂಗಲಾ ಯಾವ ದೇವರ ಮುಂದೆ ಬೇಕಾದರೂ ಹೇಳಲು ತಯಾರಿದ್ದಳು. ಮುಖ ಕಟ್ಟಿಕೊಂಡರೆ ನಡಿಗೆಯನ್ನೂ ಕಟ್ಟಿಕೊಂಡಂತಾಯಿತೇ ಎಂಬುದು ಅವಳ ವಾದ. ಇನ್ನೊಬ್ಬ ವಯಸ್ಸಾದವನು. ಅವನ ಬೆನ್ನು ಮಾತ್ರ ಕಂಡಿತ್ತು.

ಮಂಗಲಾಳಿಗೆ ಅದನ್ನು ನೋಡಿ ನಗು ಬಂದಿತ್ತಂತೆ. ಈಗ ಅರಿಶಿಣದ ಸವಾಲು, ಅಂದರೆ ಹರಾಜು, ನಡೆಯುವುದು ಗಂಟಲು ಹರಿಯುವಂತೆ ಕೂಗಿ. ಶಲ್ಯದೊಳಗೆ ಬೆರಳು ಹಿಡಿದು ಭಾವ ಮುರಿಯುವ, ಗುಟ್ಟಾಗಿ ಬೆಲೆ ಗೊತ್ತುಮಾಡುವ ಕಾಲ ಹಳೆಯ ದಲ್ಲಾಳಿಗಳ ಜೊತೆಗೇ ಹೋಯಿತು.

ಅಲಕಾಳಿಗೆ ನಗು ಬರಲಿಲ್ಲ. ಅವಳ ಅಪ್ಪನೂ ಇದೇ ಪೇಟೆಯಲ್ಲಿ ದಲ್ಲಾಳಿಯಾಗಿದ್ದವರು. ಮುಷ್ಟಿ ಪೂರ್ತಿ ಹಿಡಿದರೆ ಐದು, ಬೆರಳಿಗೊಂದು, ನಡುವಿನ ಗೆಣ್ಣು ಒತ್ತಿದರೆ ಅರ್ಧ, ಕಿರುಬೆರಳು ಮಡಚಿದರೆ ಮಾಲಿಗೆ ಪಾಲುದಾರನಿದ್ದಾನೆಂದು. ಸುತ್ತ ನಿಂತವರಿಗೆ ಶಲ್ಯ ಮಿಸುಕಾಡುವುದಷ್ಟೇ ಕಾಣಬೇಕು, ಒಳಗಿನ ಮಾತು ಕಾಣಬಾರದು. ಬೇರೆ ಹುಡುಗಿಯರು ಬಾಯಿಪಾಠ ಮಾಡಿದ ಮಗ್ಗಿಯನ್ನು ಅಲಕಾ ಅಪ್ಪನ ತೊಡೆಯ ಮೇಲೆ ಕೂತು ಬೆರಳಲ್ಲಿ ಕಲಿತಿದ್ದಳು.

ಶ್ರೇಯಸ ಪೊಲೀಸರ ಮುಂದೆ ಬೇರೆಯದನ್ನೇ ಹೇಳಿದ್ದ. ಬಸ್ಸಿನ ವಿಷಯವಾಗಿ ತಾನು ಪುಣೆಯ ಗಿರಾಕಿ ಭೂಷಣ ಒಬ್ಬನನ್ನು ಬಿಟ್ಟು ಇನ್ನಾರ ಜೊತೆಗೂ ಮಾತಾಡಿಲ್ಲ ಎಂದಿದ್ದ.

ಮಿರಜದಾಚೆಯ ಆರಗ ಹಳ್ಳಿಯ ಹಣಮವ್ವನ ತಗಡಿನ ಕೆಂಪು ಬಸ್ಸು ಶ್ರೇಯಸನ ವಿಶ್ರಾಮಬಾಗದ ಅಂಗಡಿಯಿಂದ ನಿನ್ನೆ ಸಂಜೆ ಕಳುವಾಗಿತ್ತು. ಕದ್ದವನೆಂದು ಪೊಲೀಸರು ಹಣಮವ್ವನ ಮಗ ವಿಜಯಕುಮಾರನನ್ನೇ ಹಿಡಿದು ಕೂಡಿಸಿದ್ದರು.

ಬಸ್ಸೆಂದರೆ ಅಂಗೈಗಿಂತ ಸ್ವಲ್ಪ ಉದ್ದ, ಕೀಲಿ ಕೊಟ್ಟರೆ ಓಡುವ ಆಟಿಕೆ. ಅದನ್ನು ಶ್ರೇಯಸ ಹಣಮವ್ವನಿಂದ ಒಂದು ಹಬ್ಬದ ಸೀರೆಯ ಬೆಲೆಗೆ ಕೊಂಡಿದ್ದ. ಮುಂಗಡ ಪಡೆದು ಭೂಷಣನಿಗೆ ಮಾರಲು ಒಪ್ಪಿದ್ದು ಒಂದು ಹಿಂಡು ಕುರಿ ಬರುವಷ್ಟು ಬೆಲೆಗೆ. ಕುಪವಾಡದ ಕಾರ್ಖಾನೆಯಲ್ಲಿ ಜೊತೆಗಾರನೊಬ್ಬನ ಮೊಬೈಲಿನಲ್ಲಿ ತನ್ನ ಮನೆಯ ಬಸ್ಸಿನ ಫೋಟೋ, ಅದರ ಕೆಳಗಿನ ಬೆಲೆ ಎರಡನ್ನೂ ಕಂಡ ವಿಜಯಕುಮಾರ ನಿನ್ನೆ ಮಧ್ಯಾಹ್ನ ನೆಟ್ಟಗೆ ಅಂಗಡಿಗೆ ಹೋಗಿ, ಬಸ್ಸು ವಾಪಸು ಕೊಡದಿದ್ದರೆ ಗಾಜು ಒಡೆದು ಒಯ್ಯುತ್ತೇನೆಂದು ಹತ್ತು ಜನರ ಮುಂದೆ ಕೂಗಾಡಿ ಬಂದಿದ್ದ. ಸಂಜೆಗೆ ಗಾಜು ಒಡೆದಿತ್ತು, ಬಸ್ಸು ಹೋಗಿತ್ತು. ಪೊಲೀಸರಿಗೆ ಇದಕ್ಕಿಂತ ಸುಲಭದ ಕೇಸು ಎಲ್ಲಿ ಸಿಗಬೇಕು?

ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. ಕಾರ್ಖಾನೆಯಲ್ಲಿ ಅವನು ಕಾಯಂ ಆಗುವ ಹೊತ್ತು ಇದು. ಕಳ್ಳನೆಂಬ ಹೆಸರು ಒಮ್ಮೆ ಬಿದ್ದರೆ ಅಲ್ಲಿ ಗೇಟಿನೊಳಗೂ ಬಿಡುವುದಿಲ್ಲ. ಬೆಳಿಗ್ಗೆ ಅಲಕಾಳ ಮನೆ ಹುಡುಕಿಕೊಂಡು ಬಂದ ಹಣಮವ್ವ ಅಳಲಿಲ್ಲ, ಬೇಡಲಿಲ್ಲ. ತನ್ನ ಮಗ ಕೂಗಾಡಿದ್ದು ಖರೆ, ಕದ್ದಿದ್ದು ಸುಳ್ಳು ಎಂದಷ್ಟೇ ಹೇಳಿದ್ದಳು. ಆ ಮಾತಿಗೇ ಅಲಕಾ ಕೆಲಸ ಒಪ್ಪಿಕೊಂಡಿದ್ದು.

ಇಲ್ಲದಿದ್ದರೆ ಅಲಕಾ ಒಪ್ಪಿಕೊಳ್ಳುವುದು ಲಗ್ನದ ವಿಚಾರಣೆಗಳನ್ನು. ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರಳಾಗಿದ್ದು ಕೆಲಸ ಬಿಟ್ಟ ಮೇಲೆ, ವರ ಕುಡಿಯುತ್ತಾನೋ, ವಧುವಿಗೆ ಹಳೆಯ ಗೆಳೆಯನಿದ್ದಾನೋ ಎಂದು ತಿಳಿದು ಹೇಳುವುದೇ ಅವಳ ಉದ್ಯೋಗ. ಅನುಮಾನ ಅವಳಿಗೆ ಊಟದ ಉಪ್ಪಿನಕಾಯಿ ಇದ್ದ ಹಾಗೆ, ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲ.

ಮಂಗಲಾ ಬೇಡವೆಂದರೂ ಚಹಾದ ದುಡ್ಡು ಡಬ್ಬಿಗೆ ಹಾಕಿ ಅವಳು ಸ್ಕೂಟಿ ಹತ್ತಿದಳು.

ವಿಶ್ರಾಮಬಾಗದ ಕಾಲೇಜು ರಸ್ತೆಯಲ್ಲಿ ಶ್ರೇಯಸನ ಅಂಗಡಿ. ಆಟಿಕೆಯ ಅಂಗಡಿ ಎನ್ನುತ್ತಾರೆ, ಆದರೆ ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ‘ಕೈ ಹಚ್ಚಬೇಡಿ’ ಎಂದು ಮರಾಠಿಯಲ್ಲಿ ಬರೆದ ಹಲಗೆ. ಬೆರಳುದ್ದದ ಲೋಹದ ಕಾರುಗಳು, ದೊಡ್ಡ ತಲೆಯ ಗೊಂಬೆಗಳು, ಎಲ್ಲವೂ ಪೆಟ್ಟಿಗೆಯೊಳಗೆ, ಪೆಟ್ಟಿಗೆಗಳೆಲ್ಲ ಪ್ಲಾಸ್ಟಿಕ್ಕಿನೊಳಗೆ, ಪ್ಲಾಸ್ಟಿಕ್ಕೆಲ್ಲ ಗಾಜಿನೊಳಗೆ. ಯಾವ ಮಗುವೂ ಮುಟ್ಟದ, ಯಾರೂ ಒಮ್ಮೆಯೂ ಆಡದ ಆಟಿಕೆಗೇ ಅಲ್ಲಿ ಬೆಲೆ. ಆಡಿದ್ದಕ್ಕೆ ರದ್ದಿಯ ಭಾವ.

ಶ್ರೇಯಸನ ವ್ಯಾಪಾರದ ರೀತಿ ಊರಿನ ತಾಯಂದಿರಿಗೆಲ್ಲ ಗೊತ್ತಿತ್ತು. ದೊಡ್ಡ ಬಜಾರುಗಳಿಗೆ ಹೊಸ ಮಾಲು ಬರುವ ದಿನ ಅಲ್ಲಿನ ಕೆಲಸಗಾರರಿಂದ ಮೊದಲೇ ತಿಳಿದುಕೊಂಡು, ಬಾಗಿಲು ತೆರೆಯುತ್ತಲೇ ಕಾರುಗಳನ್ನೆಲ್ಲ ಬಾಚಿಕೊಂಡು ಬರುವುದು. ಮಕ್ಕಳು ಬರುವ ಹೊತ್ತಿಗೆ ಖಾಲಿ ಕೊಕ್ಕೆಗಳು. ಅದೇ ಕಾರು ಮರುದಿನ ಇವನ ಗಾಜಿನಲ್ಲಿ ಮೂರು ಪಟ್ಟು ಬೆಲೆಗೆ. ಇದರಲ್ಲಿ ಕಾಯಿದೆ ಮುರಿದದ್ದು ಯಾವುದೂ ಇಲ್ಲ ಎಂದು ಅಲಕಾಳಿಗೂ ಗೊತ್ತು. ಗೊತ್ತಿದ್ದೂ ಮೈ ಉರಿಯುತ್ತಿತ್ತು.

ಅವಳನ್ನು ಕಂಡು ಶ್ರೇಯಸ ಕುರ್ಚಿಯಿಂದ ಎದ್ದ. ಇಪ್ಪತ್ತೈದರ ಆಸುಪಾಸಿನ ಹುಡುಗ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೇಲೆ ಗೋಡೆಯಲ್ಲಿ ಹಾರ ಹಾಕಿದ ಪಾಯಪ್ಪನವರ ಫೋಟೋ.

“ಬರ್ರಿ ಮಾವಶಿ, ಕುಂದ್ರಿ. ಪೊಲೀಸರಿಗೆ ಎಲ್ಲಾ ಹೇಳೇನಿ ನಾ.”

ಪೇಟೆಯ ಹುಡುಗರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಅಲಕಾ ಕೂರದೆ ಒಡೆದ ಗಾಜಿನ ಕಪಾಟಿನ ಮುಂದೆ ನಿಂತಳು. ಬೆಳಿಗ್ಗೆ ಒಮ್ಮೆ ಅಂಗಡಿ ನೋಡಿ ಹೋದಾಗಲೇ ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿದ್ದ ಸಂಗತಿಯೊಂದಿತ್ತು. ಮಾರಾಟದ ಫೋಟೋದಲ್ಲಿ ಕಂಡ ಬಸ್ಸಿನ ಹಳೆಯ ರಟ್ಟಿನ ಡಬ್ಬಿಯಷ್ಟೇ ಅಲ್ಲ, ಅದರ ಅಡಿಗೆ ಹಾಸಿದ್ದ ತೆಳುಕಾಗದವೂ ಇಲ್ಲ. ತೇವ ಹೀರಲು ಪಕ್ಕದಲ್ಲಿಟ್ಟಿದ್ದ ಪುಟ್ಟ ಬಿಳಿ ಚೀಲವೂ ಇಲ್ಲ. ಸಿಟ್ಟಿನಲ್ಲಿ ಗಾಜು ಒಡೆದವನು ಬಸ್ಸು ಕಿತ್ತುಕೊಂಡು ಓಡುತ್ತಾನೆ. ಅದಕ್ಕೆ ಥಂಡಿ ಹತ್ತಬಾರದೆಂದು ಕಾಳಜಿ ಮಾಡುವವನು ಮಾಲಿನ ಬೆಲೆ ಬಲ್ಲವನೇ ಇರಬೇಕು.

ಇದನ್ನವಳು ಶ್ರೇಯಸನಿಗೆ ಹೇಳಲಿಲ್ಲ. ಬೇರೆಯದನ್ನು ಕೇಳಿದಳು.

“ಹಣಮವ್ವಗ ಖರೆ ಬೆಲಿ ಯಾಕ ಹೇಳಲಿಲ್ಲ?”

“ಆಕಿ ಕೇಳಿದಷ್ಟು ಕೊಟ್ಟೇನ್ರಿ. ಒಂದು ರೂಪಾಯಿ ಕಡಿಮಿ ಮಾಡ್ರಿ ಅಂತ ಸುದ್ದಾ ಅಂದಿಲ್ಲ.”

“ಅದಕ್ಕ ನನಗ ಅನುಮಾನ. ಹಳೇ ಸಾಮಾನ ಕೊಳ್ಳಾಂವ ಕಡಿಮಿ ಮಾಡಂತ ಅನಲಿಲ್ಲಂದ್ರ ಅಂವಗ ಆಗಲೇ ನಾಚಿಕಿ ಬಂದಿರ್ತದ.”

ಶ್ರೇಯಸನ ಮುಖ ಕೆಂಪಗಾಯಿತು. ಆದರೆ ಅವನೂ ದಲ್ಲಾಳಿಯ ರಕ್ತ, ಮಾತಿಗೆ ಸೋಲುವವನಲ್ಲ. ತಾನು ಯಾರ ಮನೆಯ ಬಾಗಿಲು ಮುರಿದಿಲ್ಲ, ಅದರ ಬೆಲೆ ಕಂಡುಹಿಡಿಯಲು ವರ್ಷಗಟ್ಟಲೆ ಕಲಿತಿದ್ದೇನೆ, ಆ ಕಲಿಕೆಗೆ ಬೆಲೆ ಬೇಡವೇ ಎಂದು ಬಡಬಡ ಹೇಳಿಕೊಂಡು ಹೋದ. ಕೊನೆಗೆ ಬಾಣ ಬಿಟ್ಟ.

“ಅರಿಶಿಣದ ದಲಾಲ ರೈತಗ ನಾಳಿನ ಭಾವ ಹೇಳ್ತಾನೇನ್ರಿ ಮಾವಶಿ? ನಿಮ್ಮಪ್ಪಾರು ಹೇಳ್ತಿದ್ರೇನು?”

ಅಲಕಾಳಿಗೆ ಅದು ತಾಗಿತು. ಅಪ್ಪ ಕಟ್ಟಿಸಿದ ಮನೆಯಲ್ಲೇ ಅವಳು ಇಂದಿಗೂ ಇರುವುದು. ಆ ಇಟ್ಟಿಗೆಗಳು ಯಾವ ರೈತನ ಯಾವ ನಾಳೆಯಿಂದ ಬಂದವೋ ಅವಳು ಕೇಳಲು ಹೋಗಿರಲಿಲ್ಲ. ಅವಳು ಗೋಡೆಯ ಫೋಟೋದ ಕಡೆ ನೋಡಿದಳು.

“ನಿಮ್ಮಜ್ಜಾರ ಮಾತು ನೆನಪೈತಿ ನನಗ. ಭಾವ ಶಲ್ಯದ ಕೆಳಗಿರಲಿ, ಮಾಲು ಶಲ್ಯದ ಮ್ಯಾಲಿರಬೇಕು ಅಂತಿದ್ರು. ರೈತಗ ತನ್ನ ಅರಿಶಿಣ ಎಂಥಾದ್ದಂತ ಗೊತ್ತಿರ್ತದ, ಭಾವ ಅಷ್ಟ ಗೊತ್ತಿರೂದಿಲ್ಲ. ಹಣಮವ್ವಗ ತನ್ನ ಕೈಯಾಗಿದ್ದದ್ದು ಏನಂತಲೇ ಗೊತ್ತಿರಲಿಲ್ಲ. ನೀ ಮಾಲೇ ಮುಚ್ಚಿದಿ.”

ಶ್ರೇಯಸ ಅಜ್ಜನ ಫೋಟೋದತ್ತ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಸುಮ್ಮನೆ ಅಂಗಿಯ ಗುಂಡಿ ತಡವುತ್ತಿತ್ತು.

ಅಲಕಾ ಈಗ ಕೂತಳು. ಅವನನ್ನೂ ಎದುರಿಗೆ ಕೂರಿಸಿಕೊಂಡಳು. ಮೊನ್ನೆ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದಳು. ಮನೆಯಲ್ಲಿ ಮಲಗಿದ್ದೆ ಎಂದ. ಭೂಷಣನ ನಂತರ ಬಸ್ಸಿಗೆ ಬೇರೆ ಯಾರಾದರೂ ಹೆಚ್ಚಿನ ಬೆಲೆ ಹೇಳಿದರೇ ಎಂದು ಕೇಳಿದಳು. ಇಲ್ಲ ಎಂದ. ಎರಡು ಉತ್ತರಗಳೂ ತಡವರಿಸದೆ, ತಯಾರು ಮಾಡಿಟ್ಟಂತೆ ಬಂದವು.

ಆಗ ಅಲಕಾ ಬೇರೇನೂ ಹೇಳದೆ ತನ್ನ ದುಪಟ್ಟಾ ಎಳೆದು ಮೇಜಿನ ಮೇಲಿದ್ದ ಅವನ ಬಲಗೈಯ ಮೇಲೆ ಹಾಸಿದಳು. ಕೆಳಗೆ ತನ್ನ ಕೈ ತೂರಿಸಿ ಅವನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದು ಒಮ್ಮೆ ಒತ್ತಿದಳು. ಅಪ್ಪನ ಪೇಟೆಯ ಭಾಷೆಯಲ್ಲಿ ಅದಕ್ಕೆ ಅರ್ಥ ಒಂದೇ: ನಾಲ್ಕಕ್ಕೆ ಕೊಡುತ್ತೀಯಾ?

ಎಷ್ಟೋ ವರ್ಷ ಅಜ್ಜನ ಜೊತೆ ಆಟವಾಡಿ ಕಲಿತ ಕೈ ಅದು. ಶ್ರೇಯಸ ಬಾಯಿ ತೆರೆಯುವ ಮೊದಲೇ ಅವನ ಬೆರಳು ಉತ್ತರ ಕೊಟ್ಟುಬಿಟ್ಟಿತು. ಅಲಕಾಳ ಕಿರುಬೆರಳನ್ನು ಮಡಚಿ, ಅದರ ನಡುಗೆಣ್ಣನ್ನು ಗಟ್ಟಿಯಾಗಿ ಒತ್ತಿತು.

ಮಾಲು ನನ್ನೊಬ್ಬನದಲ್ಲ, ಅರ್ಧಕ್ಕೆ ಪಾಲುದಾರನಿದ್ದಾನೆ.

ಮರುಕ್ಷಣವೇ ಅವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಆದರೆ ಆದದ್ದು ಆಗಿಹೋಗಿತ್ತು. ನಾಲಿಗೆಗೆ ಸುಳ್ಳು ರೂಢಿಯಾಗಿತ್ತು, ಬೆರಳಿಗೆ ಇನ್ನೂ ಆಗಿರಲಿಲ್ಲ.

ಕಳುವಾದ ಮಾಲಿಗೆ ಯಾರೂ ಪಾಲುದಾರನ ಲೆಕ್ಕ ಹೇಳುವುದಿಲ್ಲ. ಅಂದರೆ ಬಸ್ಸು ಕಳುವಾಗಿಲ್ಲ. ಎಲ್ಲೋ ಇದೆ, ಮಾರಾಟಕ್ಕಿದೆ. ಭೂಷಣನ ಮುಂಗಡ ತೆಗೆದುಕೊಂಡ ಮೇಲೆ ಇನ್ನೊಬ್ಬ ಹೆಚ್ಚಿಗೆ ಕೊಡುತ್ತೇನೆಂದಿದ್ದಾನೆ. ಕೊಟ್ಟ ಮಾತು ಮುರಿದರೆ ಈ ವ್ಯಾಪಾರದಲ್ಲಿ ಮುಂದೆ ಯಾರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕಳುವಾಯಿತೆಂದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

“ಅರ್ಧಾ ಯಾರಿಗೆ, ಶ್ರೇಯಸ?”

ಅವನು ಎಳೆದುಕೊಂಡ ಕೈಯನ್ನು ಮೇಜಿನ ಕೆಳಗೆ ಸರಿಸಿದ.

“ಗಾಜು ನೀನಾ ಒಡದಿ. ಆ ಹುಡುಗ ಕೂಗ್ಯಾಡಿ ಹೋದದ್ದು ನಿನಗ ಅನುಕೂಲ ಆತು.”

“ಅಂವ ಬರ್ತಾನಂತ ನನಗ ಗೊತ್ತಿರಲಿಲ್ರಿ.” ಅವನ ದನಿ ಒಡೆಯಿತು. “ದೇವರಾಣೆ ಗೊತ್ತಿರಲಿಲ್ಲ. ಪೊಲೀಸರು ಅವನ ಹೆಸರು ತಾವಾಗೇ ತಗೊಂಡ್ರು.”

“ನೀ ಅಲ್ಲಂತ ಹೇಳಬೇಕಾಗಿತ್ತು.”

ಶ್ರೇಯಸ ಎದ್ದು ಅಂಗಡಿಯ ಬಾಗಿಲಿನ ತನಕ ಹೋಗಿ ಹೊರಗೆ ನೋಡಿ ಬಂದ. ಅವಳ ಹತ್ತಿರ ಬಗ್ಗಿದ. ಅವನ ಕಣ್ಣಲ್ಲಿದ್ದದ್ದು ಹೆದರಿಕೆಯೋ ಹೆದರಿಸುವಿಕೆಯೋ ಅಲಕಾಳಿಗೆ ಆಗ ತಿಳಿಯಲಿಲ್ಲ.

“ಮಾವಶಿ, ಆ ಹುಡುಗ ಬಿಡುಗಡಿ ಆಗಬೇಕು ಹೌದಲ್ಲೋ? ಹಂಗಾದ್ರ ಬಸ್ಸು ಹುಡುಕೂದು ಬಿಟ್ಟಬಿಡ್ರಿ.”

ಹವಾಲ್ದಾರಳಾಗಿ ಎಷ್ಟೋ ಧಮಕಿ ಕೇಳಿದ ಕಿವಿಗೆ ಇದೂ ಧಮಕಿಯಾಗಿಯೇ ಕೇಳಿಸಿತು. ಅಲಕಾ ದುಪಟ್ಟಾ ಹೆಗಲಿಗೆ ಹಾಕಿಕೊಂಡು ಹೊರಬಂದಳು. ರಸ್ತೆಯಲ್ಲಿ ನಿಂತೇ, ಈ ಕೇಸಿನ ಸಬ್‌ಇನ್ಸ್‌ಪೆಕ್ಟರ್ ಫೌಜದಾರ ರೇವಣಸಿದ್ಧನಿಗೆ ಫೋನು ಹಚ್ಚಿದಳು.

ರೇವಣಸಿದ್ಧ ಅವಳ ಕೈಕೆಳಗೆ ಕಲಿತು ಮೇಲೇರಿದವನು, ಜತ್ತ ಕಡೆಯ ಕನ್ನಡಿಗ. ಅವಳ ಮಾತೆಂದರೆ ಗೌರವ, ಅವಳ ಅನುಮಾನವೆಂದರೆ ಬೇಸರ. ಬೆರಳು ಒತ್ತಿದ್ದನ್ನು ಕೋರ್ಟಿನಲ್ಲಿ ಹೇಗೆ ತೋರಿಸುವುದು ಎಂದು ಅವನು ಕೇಳಿದ. ಅದೂ ಸರಿಯೇ. ಹಾಗಾದರೆ ಸಂಜೆ ಆರಗಕ್ಕೆ ಬಾ, ಶ್ರೇಯಸ ಹೇಗೆ ಬಂದು ಏನು ಹೇಳಿ ಬಸ್ಸು ಒಯ್ದ ಎಂಬುದನ್ನು ಹಣಮವ್ವ ಮತ್ತು ಅವಳ ಗಂಡನ ಬಾಯಿಂದಲೇ ಕೇಳು, ಶ್ರೇಯಸ ಎಂಥವನೆಂದು ನಿನಗೇ ತಿಳಿಯುತ್ತದೆ ಎಂದು ಅಲಕಾ ಪಟ್ಟು ಹಿಡಿದಳು. ಅವನು ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿಕೊಂಡ.

ಮಿರಜ ದಾಟುವವರೆಗೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಆ ಬೆನ್ನು ಯಾರದು? ಅರಿಶಿಣದ ಪೇಟೆಯಲ್ಲಿ ಬೆರಳಿನ ಭಾಷೆ ಬಲ್ಲ ಮುದುಕರು ಈಗ ಬೆರಳೆಣಿಕೆಯಷ್ಟು. ಒಬ್ಬೊಬ್ಬರ ಮುಖವನ್ನೂ ಕಣ್ಣ ಮುಂದೆ ತಂದುಕೊಂಡಳು. ಒಬ್ಬರಿಗೆ ಕಣ್ಣು ಕಾಣದು, ಒಬ್ಬರು ಮಗಳ ಊರಿಗೆ ಹೋಗಿದ್ದಾರೆ. ಇನ್ನೊಬ್ಬರಿಗೆ ಆಟಿಕೆಗೂ ಅಡಿಕೆಗೂ ವ್ಯತ್ಯಾಸ ತಿಳಿಯದು. ಭೂಷಣನೇ ವೇಷ ಹಾಕಿ ಬಂದಿದ್ದನೇ? ಕೊಳ್ಳುವವನು ಪಾಲುದಾರ ಹೇಗಾದಾನು?

ಅರ್ಧ ಪಾಲು ಕೊಡುವುದು ಯಾರಿಗೆ? ದುಡ್ಡು ಹಾಕಿದವನಿಗೆ. ಇಲ್ಲವೇ ಬಾಯಿ ಮುಚ್ಚಿಸಬೇಕಾದವನಿಗೆ. ಇಲ್ಲವೇ...

ಆರಗದ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಒಂದು ಟಗರು ಕಟ್ಟಿತ್ತು. ಅದರ ಪಕ್ಕ ಇಬ್ಬರು ನಿಂತಿದ್ದರು, ಒಬ್ಬ ಕೊಡುವವನು, ಒಬ್ಬ ಕೊಳ್ಳುವವನು. ಇಬ್ಬರ ಬಾಯಿಯೂ ಮುಚ್ಚಿತ್ತು. ಇಬ್ಬರ ಬಲಗೈಗಳು ಒಂದೇ ಶಲ್ಯದ ಕೆಳಗಿದ್ದವು.

ಅಲಕಾ ಸ್ಕೂಟಿಯ ಬ್ರೇಕು ಹಿಡಿದು ಹಾಗೇ ನಿಂತುಬಿಟ್ಟಳು. ತನ್ನ ದಡ್ಡತನಕ್ಕೆ ತಾನೇ ಹಣೆ ಬಡಿದುಕೊಳ್ಳಬೇಕೆನಿಸಿತು. ಪೇಟೆಯಲ್ಲಿ ಹುಟ್ಟಿದವಳಿಗೆ ಪೇಟೆಯೇ ಪ್ರಪಂಚ. ಬೆರಳಿನ ಭಾಷೆ ಅರಿಶಿಣದವರ ಸೊತ್ತು ಎಂದುಕೊಂಡಿದ್ದಳು. ಕುರಿಯವರು ಅದನ್ನು ಬಿಟ್ಟಿರಲೇ ಇಲ್ಲ.

ಧೋಂಡಿಬಾನ ಮನೆ ಊರಿನ ಅಂಚಿಗೆ, ಕುರಿದೊಡ್ಡಿಗೆ ಹತ್ತಿಕೊಂಡಂತೆ. ಹಣಮವ್ವನ ಗಂಡ ಧೋಂಡಿಬಾ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಹೆಗಲ ಮೇಲೆ ಮಾಸಿದ ಬಿಳಿ ಶಲ್ಯ. ಅಲಕಾಳನ್ನು ಕಂಡು ಎದ್ದು ನಮಸ್ಕರಿಸಿದ, ಮತ್ತೆ ಕೂತು ನೂಲತೊಡಗಿದ. ಎಳೆ ಎರಡು ಸಲ ಹರಿಯಿತು.

ಹಣಮವ್ವ ನೀರು ಕೊಟ್ಟಳು. ಅಲಕಾ ಕೇಳಿದ್ದಕ್ಕೆ ಬಸ್ಸಿನ ಕತೆಯನ್ನು ಮೊದಲಿನಿಂದ ಹೇಳಿದಳು. ಮಿರಜದಲ್ಲಿದ್ದ ಪರದೇಶದ ಡಾಕ್ಟರರ ಕುಟುಂಬವೊಂದು ಊರು ಬಿಟ್ಟು ಹೋಗುವಾಗ, ಅವರ ಮನೆಗೆ ಹಾಲು ಹಾಕುತ್ತಿದ್ದ ಅವಳ ಅತ್ತೆ ಮಾಳವ್ವನಿಗೆ ಕೊಟ್ಟು ಹೋದದ್ದಂತೆ. ದೊಡ್ಡವರು ಪ್ರೀತಿಯಿಂದ ಕೊಟ್ಟದ್ದೆಂದು ಮಾಳವ್ವ ಅದನ್ನು ಡಬ್ಬಿ ಸಮೇತ ದೇವರ ಜಗಲಿಯ ಮೇಲಿಟ್ಟಳು. ಜಗಲಿಯ ಮೇಲೆ ಏರಿದ್ದನ್ನು ಇಳಿಸಿ ಆಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ವಿಜಯಕುಮಾರ ಚಿಕ್ಕವನಿದ್ದಾಗ ಅದಕ್ಕಾಗಿ ಅತ್ತು ಅತ್ತು ಜ್ವರ ಬರಿಸಿಕೊಂಡಿದ್ದನಂತೆ, ಆದರೂ ಕೈಗೆ ಕೊಟ್ಟಿರಲಿಲ್ಲ.

ಹಾಗಾಗಿಯೇ ದಾರ ಸಹ ಬಿಚ್ಚದೆ ಅದು ಹೊಸದಾಗಿ ಉಳಿದಿತ್ತು. ಹಾಗಾಗಿಯೇ ಅದಕ್ಕೆ ಅಷ್ಟು ಬೆಲೆ ಬಂದಿತ್ತು. ಆ ಹುಡುಗನ ಅಳುವಿಗೆ ಬಂದ ಬೆಲೆ ಅದು ಎನಿಸಿ ಅಲಕಾ ನೀರಿನ ಲೋಟ ಕೆಳಗಿಟ್ಟಳು.

ಮೊನ್ನೆ ಮಾಮಾ ಎಲ್ಲಿಗೆ ಹೋಗಿದ್ದರು ಎಂದು ಅವಳು ಹಣಮವ್ವನನ್ನೇ ಕೇಳಿದಳು. ಹಣಮವ್ವ ಏನೂ ತಿಳಿಯದೆ, ಕುರಿಗಳಿಗೆ ಹಿಂಡಿ ತರಲು ಸಾಂಗಲಿಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದರು ಎಂದಳು.

ತಕಲಿ ನಿಂತಿತು.

“ಧೋಂಡಿಬಾ ಮಾಮಾ, ಬಸ್ಸು ಎಲ್ಲೈತಿ?”

ಹಣಮವ್ವ ಒಮ್ಮೆ ಇವಳನ್ನು, ಒಮ್ಮೆ ಗಂಡನನ್ನು ನೋಡಿದಳು. ದೊಡ್ಡಿಯಲ್ಲಿ ಮರಿಗಳು ಒದರುತ್ತಿದ್ದವು. ಧೋಂಡಿಬಾ ನೆಲ ನೋಡುತ್ತಲೇ ಮಾತಾಡತೊಡಗಿದ.

ಬಸ್ಸಿನ ಬೆಲೆ ಅವನಿಗೆ ಮಗನಿಗಿಂತ ಮೊದಲೇ ಗೊತ್ತಾಗಿತ್ತು. ಹೇಳಿದವನು ಶ್ರೇಯಸನೇ. ಆ ಹುಡುಗನಿಗೆ ನಿದ್ದೆ ಬಂದಿರಲಿಲ್ಲವೋ, ಸಹಾಯಕ್ಕೆ ಒಬ್ಬ ಬೇಕಾಗಿದ್ದನೋ, ಅಂತೂ ತಾನಾಗಿ ಫೋನು ಮಾಡಿ ಯಾರ್ಡಿಗೆ ಕರೆಸಿಕೊಂಡಿದ್ದ. ಬಸ್ಸು ಕಳುವಾಯಿತೆಂದು ತಾನು ದೂರು ಕೊಡುವುದು, ಧೋಂಡಿಬಾ ಅದನ್ನು ಉಣ್ಣೆಯ ಚೀಲದಲ್ಲಿ ಅಡಗಿಸಿಡುವುದು, ಗದ್ದಲ ಅಡಗಿದ ಮೇಲೆ ಹೊಸ ಗಿರಾಕಿಗೆ ಮಾರಿ ಅರ್ಧ ಅರ್ಧ. ಬಾಯಿಮಾತು ನಂಬದ ಧೋಂಡಿಬಾ ಶಲ್ಯ ಹಾಸಿ ಅರ್ಧವನ್ನು ಬೆರಳಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ನಿನ್ನೆ ಮತ್ತೆ ಸಾಂಗಲಿಗೆ ಹೋಗಿ, ಸಂಜೆ ಇನ್ನೊಂದು ಹಿಂಡಿಯ ಚೀಲದ ಕೆಳಗೆ ಡಬ್ಬಿ ಇಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಊರಿಗೆ ಬಂದಿದ್ದ. ಅದೇ ದಿನ ಮಗ ಅಂಗಡಿಗೆ ಹೋಗಿ ಕೂಗಾಡಿದ್ದಾನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ನಮ್ಮದ ನಾವು ಅರ್ಧಾ ತಗೊಂಡ್ರ ಕಳವು ಹೆಂಗ ಆಗತೈತ್ರಿ ಬಾಯಾರ?” ಎಂದ ಧೋಂಡಿಬಾ.

ಅದಕ್ಕೆ ಉತ್ತರ ಕೊಟ್ಟವಳು ಹಣಮವ್ವ. ಅವಳು ದನಿ ಏರಿಸಲಿಲ್ಲ.

“ಮಗನ್ನ ಒಳಗ ಕುಂಡ್ರಿಸಿ ತಗಡಿಗೆ ಕಾವಲ ಕುಂತೀರಿ. ಮುಂಜಾನಿಂದ ನನ್ನ ಮಾರಿ ನೋಡಿಕೋತ ಕುಂತೀರಿ.”

ಮಾಲು ಸಿಗದಿದ್ದರೆ ಕೇಸು ನಿಲ್ಲುವುದಿಲ್ಲ, ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಹುಡುಗ ಹೊರಗೆ ಬರುತ್ತಾನೆ ಎಂದು ಶ್ರೇಯಸ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನಂತೆ. ಧೋಂಡಿಬಾ ಇಷ್ಟು ಹೇಳಿ ಶಲ್ಯದಿಂದ ಮುಖ ಮುಚ್ಚಿಕೊಂಡ.

ಬಸ್ಸು ಹುಡುಕುವುದು ಬಿಟ್ಟುಬಿಡಿ. ಅಲಕಾಳಿಗೆ ಆ ಮಾತು ಈಗ ಅರ್ಥವಾಯಿತು. ಅದು ಧಮಕಿಯಾಗಿರಲಿಲ್ಲ. ಕಳುವಿನ ಮಾಲು ಆರೋಪಿಯ ಮನೆಯಲ್ಲೇ, ಆರೋಪಿಯ ಅಪ್ಪನ ಉಣ್ಣೆಯ ಚೀಲದಲ್ಲೇ ಸಿಕ್ಕಿದರೆ ವಿಜಯಕುಮಾರನ ಕತೆ ಮುಗಿಯಿತು. ಅಪ್ಪ ತಾನೇ ತಂದಿಟ್ಟೆ ಎಂದು ಎದೆ ಬಡಿದುಕೊಂಡು ಹೇಳಿದರೂ ಮಗನನ್ನು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಾರೆ. ಶ್ರೇಯಸ ಇಲ್ಲ ಎಂದರೆ ಸಾಕು, ಬೆರಳಿನ ಮಾತಿಗೆ ಸಾಕ್ಷಿ ಎಲ್ಲಿದೆ? ಮಂಗಲಾ ಕಂಡದ್ದು ಒಂದು ಬೆನ್ನು, ಒಂದು ನಡಿಗೆ.

ಮತ್ತು ಫೌಜದಾರನನ್ನು ಇಲ್ಲಿಗೆ ಕರೆದವಳು ಅವಳೇ.

ಅವಳು ತಟ್ಟನೆ ಫೋನು ತೆಗೆದಳು. ಬರಬೇಡವೆಂದು ಹೇಳಲು ಯಾವ ನೆಪ ಹೇಳಬೇಕೆಂದು ಯೋಚಿಸುವುದರೊಳಗೆ ಓಣಿಯ ತಿರುವಿನಲ್ಲಿ ನಾಯಿಗಳು ಬೊಗಳಿದವು. ಅದರ ಹಿಂದೆಯೇ ಜೀಪಿನ ಸದ್ದು.

ಹಣಮವ್ವನಿಗೂ ಕೇಳಿಸಿತು. ಅವಳು ಒಳಗೆ ಹೋದಳು. ಕತ್ತಲೆಯ ಕೋಣೆಯಲ್ಲಿ ಚೀಲ ಕೊಡವಿದ ಸದ್ದು. ಅಲಕಾ ಅವಳನ್ನು ತಡೆಯಲೆಂದು ಹಿಂದೆಯೇ ಹೊಸ್ತಿಲು ದಾಟಿದಳು, ಬಸ್ಸು ಅಲ್ಲೇ ಇರಲಿ, ಮುಟ್ಟಬೇಡ ಎಂದು ಹೇಳುವವಳಿದ್ದಳು. ಅಷ್ಟರಲ್ಲಿ ಹಣಮವ್ವ ತಿರುಗಿದಳು. ಸೀರೆಗೆಲ್ಲ ಬಿಳಿ ಉಣ್ಣೆ ಅಂಟಿತ್ತು, ಕೈಯಲ್ಲಿ ಹಳೆಯ ರಟ್ಟಿನ ಡಬ್ಬಿ, ಅದರ ಮೇಲೆ ಬಣ್ಣಗೆಟ್ಟ ಕೆಂಪು ಬಸ್ಸಿನ ಚಿತ್ರ. ದಾರ ಬಿಚ್ಚಿರಲಿಲ್ಲ.

ಅವಳು ಡಬ್ಬಿಯನ್ನು ಅಲಕಾಳ ಎರಡೂ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ತಾನೇ ಮಡಚಿದಳು.

“ಬಾಯಾರ, ನನ್ನ ಮಗ ಕದ್ದಿಲ್ಲ. ಅದು ನಿಮಗೂ ಗೊತ್ತಾತು. ಈಗ ನೀವಾ ಹೇಳ್ರಿ, ಇದು ಎಲ್ಲಿ ಸಿಕ್ತು?”

ಇಪ್ಪತ್ತು ವರ್ಷ ಖಾಕಿ ಹಾಕಿದ್ದವಳು ಅಲಕಾ. ಮಾಲು ಎಲ್ಲಿ ಸಿಕ್ಕಿತೆಂದು ಒಮ್ಮೆಯೂ ಸುಳ್ಳು ಹೇಳಿದವಳಲ್ಲ. ಖರೆ ಹೇಳಿದರೆ ಒಬ್ಬ ನಿರಪರಾಧಿ ಕಳ್ಳನಾಗುತ್ತಾನೆ. ಸುಳ್ಳು ಹೇಳಿದರೆ, ಮಾಲು ಮುಚ್ಚಬಾರದೆಂದು ಇವತ್ತೇ ಶ್ರೇಯಸನಿಗೆ ಹೇಳಿ ಬಂದ ಮಾತು ಅವಳ ಬಾಯಲ್ಲೇ ಕಹಿಯಾಗುತ್ತದೆ.

ಅಂಗಳದಲ್ಲಿ ಬೂಟಿನ ಸದ್ದಾಯಿತು. ತಗ್ಗಾದ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಫೌಜದಾರ ರೇವಣಸಿದ್ಧ ಒಳಗೆ ಇಣುಕಿದ. ಮೊದಲು ಉಣ್ಣೆ ಚೆಲ್ಲಿದ ನೆಲ ನೋಡಿದ, ಆಮೇಲೆ ಹಣಮವ್ವನನ್ನು ನೋಡಿದ, ಕೊನೆಗೆ ಅವನ ಕಣ್ಣು ಅಲಕಾಳ ಕೈಗೆ ಬಂದು ನಿಂತಿತು.

“ಅಕ್ಕಾರ,” ಎಂದ ಅವನು ನಿಧಾನವಾಗಿ, “ಅದು ನಿಮ್ಮ ಕೈಗೆ ಎಲ್ಲಿಂದ ಬಂತು?”